ಬೊಜ್ಜಿನ ಖರ್ಚು ಯಾರ ಲೆಕ್ಕಕ್ಕೆ?

ಆಸ್ಪತ್ರೆಯ ಬಿಲ್ಲಿನಲ್ಲಿ ‘ಬೊಜ್ಜು’ ಎಂದು ಬರೆದಿರುವುದು ಅಪರೂಪ. ಅಲ್ಲಿರುವುದು ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ಸವೆತ, ಹೃದಯದ ಸ್ಟೆಂಟ್. ಹಾಗಾಗಿ ಬೊಜ್ಜಿಗೆಂದು ಎಷ್ಟು ತೆರುತ್ತಿದ್ದೇವೆ ಎಂಬುದು ಮನೆಯವರಿಗೂ ತಿಳಿಯದು, ಕೆಲಸ ಕೊಟ್ಟ ಕಂಪನಿಗೂ ತಿಳಿಯದು.

ಮೊದಲು ಅಳತೆ ನೋಡೋಣ. ನಿಮ್ಮ ತೂಕವನ್ನು ಕೆ.ಜಿ.ಯಲ್ಲಿ ಬರೆದುಕೊಳ್ಳಿ. ಅದನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. ಬರುವ ಸಂಖ್ಯೆಯೇ ಬಿಎಂಐ. 1.65 ಮೀಟರ್ ಎತ್ತರ, 72 ಕೆ.ಜಿ. ತೂಕ ಇದ್ದರೆ ಸುಮಾರು 26. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ನಮ್ಮ ವೈದ್ಯರು ಈ ಗೆರೆಗಳನ್ನು 23 ಮತ್ತು 25ಕ್ಕೆ ಇಳಿಸುತ್ತಾರೆ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸಕ್ಕರೆ ಕಾಯಿಲೆಯೂ ಬೇಗ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರ ಪೈಕಿ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ 25 ಅಥವಾ ಹೆಚ್ಚು ಇತ್ತು.

ಇನ್ನು ಖರ್ಚು. ಡಾಕ್ಟರು, ಔಷಧಿ, ಆಪರೇಷನ್ನಿಗೆ ಕೊಡುವ ದುಡ್ಡು ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಕೆಲಸದ ನಷ್ಟ. ಕಾಯಿಲೆಯೆಂದು ರಜೆ ಹಾಕುವುದು ‘ಆಬ್ಸೆಂಟಿಯಿಸಂ’, ಅಂದರೆ ಗೈರುಹಾಜರಿ. ಹಾಜರಿ ಹಾಕಿಯೂ ಕೆಲಸ ಸಾಗದಿರುವುದು ‘ಪ್ರೆಸೆಂಟಿಯಿಸಂ’. ಇದೇ ಹೆಚ್ಚು ಮೋಸದ್ದು. ಬೊಜ್ಜಿರುವ ಹಲವರಿಗೆ ಸ್ಲೀಪ್ ಆಪ್ನಿಯಾ ಇರುತ್ತದೆ. ಎಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಂತು ನಿಂತು ಬರುತ್ತದೆ. ರಾತ್ರಿಯಿಡೀ ಮಲಗಿದರೂ ಬೆಳಗ್ಗೆ ತೂಕಡಿಕೆ. ಲೆಕ್ಕ ಬರೆಯುವವರು ಹೀಗೆ ತೂಕಡಿಸಿದರೆ ಒಂದು ತಪ್ಪು ಎಂಟ್ರಿ ಬೀಳಬಹುದು. ಲಾರಿ ಓಡಿಸುವವರಾದರೆ? ಯಾವ ಹಾಜರಿ ಪುಸ್ತಕದಲ್ಲೂ ಈ ನಷ್ಟ ದಾಖಲಾಗುವುದಿಲ್ಲ. ಇವೆಲ್ಲ ಸೇರಿ 2035ರ ಹೊತ್ತಿಗೆ ಜಗತ್ತಿಗೆ ವರ್ಷಕ್ಕೆ 4 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು ಹೊರೆಯಾಗಬಹುದೆಂದು ವರ್ಲ್ಡ್ ಒಬೆಸಿಟಿ ಫೆಡರೇಷನ್ ಅಂದಾಜಿಸಿದೆ.

ಕಂಪನಿಗೆ ಬಿಸಿ ಮುಟ್ಟುವುದು ಗ್ರೂಪ್ ಇನ್ಶೂರೆನ್ಸ್‌ನಲ್ಲಿ, ಅಂದರೆ ನೌಕರರೆಲ್ಲರ ಸಾಮೂಹಿಕ ವಿಮೆಯಲ್ಲಿ. ಕಂಪನಿ 10 ಲಕ್ಷ ರೂಪಾಯಿ ಪ್ರೀಮಿಯಂ ಕಟ್ಟಿದೆ, ನೌಕರರ ಆಸ್ಪತ್ರೆ ಖರ್ಚಿಗೆ ವಿಮಾ ಕಂಪನಿ 12 ಲಕ್ಷ ಕೊಟ್ಟಿದೆ ಎಂದಿಟ್ಟುಕೊಳ್ಳಿ. ಮುಂದಿನ ವರ್ಷ ಪ್ರೀಮಿಯಂ ಏರುವುದು ಬಹುತೇಕ ಖಚಿತ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಹಾಗಲ್ಲ. ಅಲ್ಲಿ ಮಾಲೀಕರು ಸಂಬಳದ ಶೇ. 3.25, ಕಾರ್ಮಿಕರು ಶೇ. 0.75 ಕಟ್ಟುತ್ತಾರೆ, ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70 ಸಿಗುತ್ತದೆ. ಆ ಖರ್ಚು ಒಂದೇ ಕಂಪನಿಯ ಮೇಲೆ ಬೀಳದೆ ಎಲ್ಲರ ನಿಧಿಯಲ್ಲಿ ಹಂಚಿಹೋಗುತ್ತದೆ.

‘ಹಾಗಾದರೆ ದಪ್ಪಗಿರುವವರನ್ನು ಕೆಲಸಕ್ಕೆ ತೆಗೆದುಕೊಳ್ಳದಿದ್ದರಾಯಿತಲ್ಲ?’ ಎಂದು ಕೇಳುವವರಿದ್ದಾರೆ. ಅದು ಅನ್ಯಾಯ, ಲೆಕ್ಕವಾಗಿಯೂ ತಪ್ಪು. ಬಿಎಂಐ ಕೆಲಸದ ಸಾಮರ್ಥ್ಯವನ್ನು ಅಳೆಯುವುದಿಲ್ಲ. ರಾತ್ರಿ ಪಾಳಿ, ಗಂಟೆಗಟ್ಟಲೆ ಕೂತು ಮಾಡುವ ಕೆಲಸ, ನಿದ್ದೆಗೇಡು ಇವೂ ತೂಕ ಏರಿಸುತ್ತವೆ. ಅವನ್ನು ಕೊಟ್ಟದ್ದು ಕಂಪನಿಯೇ.

ವರ್ಷಕ್ಕೊಮ್ಮೆ ನಡಿಗೆ ಸ್ಪರ್ಧೆ ಇಟ್ಟು ಟೀ ಶರ್ಟ್ ಹಂಚುವುದರಿಂದ ದೊಡ್ಡ ಪ್ರಯೋಜನವಿದೆ ಎಂದು ನನಗನ್ನಿಸದು. ವಾರಕ್ಕೊಂದು ಹುಟ್ಟುಹಬ್ಬದ ಕೇಕು ಅದನ್ನು ಸರಿದೂಗಿಸಿಬಿಡುತ್ತದೆ! ಕ್ಯಾಂಟೀನಿನ ಅಡುಗೆ ಮತ್ತು ಪಾಳಿಯ ವೇಳೆ ಬದಲಿಸುವುದು ಅಗ್ಗ, ದಿನವೂ ತಲುಪುತ್ತದೆ.

ತೂಕ ಇಳಿಸುವ ಔಷಧಿ ದುಬಾರಿ. 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಮೌಂಜಾರೊ ಇಂಜೆಕ್ಷನ್ನಿನ ಅತಿ ಸಣ್ಣ ಡೋಸಿಗೆ 3,500 ರೂಪಾಯಿ ಇತ್ತು. ಅದು ವಾರಕ್ಕೊಂದು ಬೇಕು. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ.

30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಉಚಿತ. ಬೇರಿಯಾಟ್ರಿಕ್ ಸರ್ಜರಿಗೆ, ಅಂದರೆ ಜಠರ ಕಿರಿದಾಗಿಸುವಂಥ ಶಸ್ತ್ರಚಿಕಿತ್ಸೆಗೆ, ವಿಮೆಯ ನೆರವು ಸಾಮಾನ್ಯವಾಗಿ ಬಿಎಂಐ 40 ಇದ್ದರೆ ಸಿಗುತ್ತದೆ; ಜೊತೆಗೆ ಗಂಭೀರ ಕಾಯಿಲೆ ಇದ್ದರೆ 35ಕ್ಕೇ ಸಿಗುತ್ತದೆ. ನಿಮ್ಮ ಪಾಲಿಸಿಯಲ್ಲಿ ಈ ನೆರವು ಶುರುವಾಗಲು ಕಾಯುವ ಅವಧಿ ಎಷ್ಟಿದೆ ಎಂಬುದನ್ನು ಆಸ್ಪತ್ರೆಗೆ ಸೇರುವ ಮೊದಲೇ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೇಳಿಕೊಳ್ಳಿ.