ನಿಮಗಿದು ಗೊತ್ತೇ? ಬ್ಯಾಂಡಿನ ನಡುವೆ ಗಿಟಾರ್ ಸದ್ದು

50 ವಾಟ್‌ನ ಗಿಟಾರ್ ಆಂಪ್ (ಆಂಪ್ಲಿಫೈಯರ್) ಕೊಟ್ಟು 100 ವಾಟ್‌ನದು ತಂದರೂ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವಾಟ್ ಬೇಕು. ಸಾಲ ಮಾಡಿ ದೊಡ್ಡ ಆಂಪ್ ಕೊಳ್ಳುವ ಹುಡುಗರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

1965ರ ಆಗಸ್ಟ್ 15. ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್. 55 ಸಾವಿರಕ್ಕೂ ಹೆಚ್ಚು ಜನ. ವಾಕ್ಸ್ ಕಂಪನಿಯ 100 ವಾಟ್ ಆಂಪ್‌ಗಳಿದ್ದರೂ ಅಭಿಮಾನಿಗಳ ಕೂಗಿನಲ್ಲಿ ಎಲ್ಲ ಮುಳುಗಿಹೋಯಿತು. ನುಡಿಸುವವರಿಗೇ ತಮ್ಮ ದನಿ ಕೇಳಿಸುವ ಮಾನಿಟರ್ ಸ್ಪೀಕರ್ ಆಗ ವೇದಿಕೆಯ ಮೇಲೆ ಇರಲಿಲ್ಲ.

ಇನ್ನೊಂದು ತುದಿ: 1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ 'ದ ಹೂ' ಬ್ಯಾಂಡಿನ ಸದ್ದು ಸ್ಪೀಕರ್‌ಗಳಿಂದ 32 ಮೀಟರ್ ದೂರದಲ್ಲೂ 126 ಡೆಸಿಬೆಲ್! ಗಿನ್ನೆಸ್ ದಾಖಲೆಯಾಯಿತು. ಜನರ ಕಿವಿಗೆ ಕೇಡೆಂದು ಗಿನ್ನೆಸ್ ಮುಂದೆ ಆ ವಿಭಾಗವನ್ನೇ ಕೈಬಿಟ್ಟಿತು, ಒಳ್ಳೆಯದೇ ಆಯಿತು.

ಮನೆಯಲ್ಲಿ ಇಂಪಾಗಿದ್ದ ಗಿಟಾರ್ ಬ್ಯಾಂಡಿನಲ್ಲಿ ಕಾಣೆಯಾಗುವುದೇಕೆ? ಸದ್ದು ಸಣ್ಣದಿದ್ದಾಗ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಕೋಣೆಯಲ್ಲಿ ಕೂತು ಬೇಸ್ (ತಗ್ಗಿನ ಸ್ವರ), ಟ್ರೆಬಲ್ (ತೀಕ್ಷ್ಣ ಸ್ವರ) ಏರಿಸಿ, ಮಿಡ್ (ನಡುವಿನ ಸ್ವರ) ಇಳಿಸುತ್ತೇವೆ. ವೇದಿಕೆಯಲ್ಲಿ ಆ ಬೇಸ್ ಹೋಗಿ ಬೇಸ್ ಗಿಟಾರ್‌ಗೆ ಢಿಕ್ಕಿ ಹೊಡೆಯುತ್ತದೆ, ಟ್ರೆಬಲ್ ಸಿಂಬಲ್‌ಗಳ ಝಣಝಣದಲ್ಲಿ ಕರಗುತ್ತದೆ. ಉಳಿಯಬೇಕಾದ ಮಿಡ್ ಇಲ್ಲವೇ ಇಲ್ಲ. ಆಗ ವಾಲ್ಯೂಮ್ ಏರಿಸುತ್ತೇವೆ, ಡ್ರಮ್ಮರ್ ಇನ್ನೂ ಜೋರಾಗಿ ಬಾರಿಸುತ್ತಾನೆ, ಗಾಯಕಿ ಗಂಟಲು ಹರಿದುಕೊಳ್ಳುತ್ತಾಳೆ. ಮಾಡಬೇಕಾದ್ದು ತಿರುವು ಮುರುವು: ಬೇಸ್ ಇಳಿಸಿ, ಮಿಡ್ ಏರಿಸಿ. ಒಬ್ಬರೇ ನುಡಿಸಿದಾಗ ಆ ದನಿ ಮೂಗಿನಿಂದ ಬಂದಂತೆ ಕೇಳಿಸೀತು, ಚಿಂತೆ ಬೇಡ. ಬ್ಯಾಂಡಿನೊಳಗೆ ಅದೇ ಸರಿಯಾಗಿ ಕೂರುತ್ತದೆ.

ಗಿಟಾರ್ ಸ್ಪೀಕರ್ ತೀಕ್ಷ್ಣ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಎಸೆಯುತ್ತದೆ. ಆಂಪ್ ನೆಲದ ಮೇಲಿದ್ದರೆ ಆ ಸದ್ದು ನಿಮ್ಮ ಮೊಣಕಾಲಿಗೆ ಬಡಿದು ಮುಂದಿನ ಸಾಲಿನವರ ಕಿವಿಗೆ ಹೋಗುತ್ತದೆ. ಆಂಪನ್ನು ಹಿಂದಕ್ಕೆ ವಾಲಿಸಿ, ಇಲ್ಲವೇ ಗಟ್ಟಿ ಕುರ್ಚಿಯ ಮೇಲಿಡಿ.

ಸೋಲೊ ಬಂದಾಗ ಬೂಸ್ಟ್ ಪೆಡಲ್ ಒತ್ತಿದರೂ ಸದ್ದು ಏರುತ್ತಿಲ್ಲವೇ? ಬಹುಶಃ ಆ ಪೆಡಲ್ ಡಿಸ್ಟಾರ್ಷನ್ ಪೆಡಲ್‌ಗಿಂತ ಮೊದಲು ಕೂತಿದೆ. ಅಲ್ಲಿ ಅದು ಒರಟುತನವನ್ನಷ್ಟೇ ಹೆಚ್ಚಿಸುತ್ತದೆ. ನಂತರಕ್ಕೆ ಜೋಡಿಸಿದರೆ ಸದ್ದೇ ಏರುತ್ತದೆ.

ಪೆಡಲ್ ಇಲ್ಲದೆಯೂ ನಡೆಯುತ್ತದೆ. ಹಾಡಿನ ಜೊತೆಗೆ ಗಿಟಾರಿನ ವಾಲ್ಯೂಮ್ 7ರಲ್ಲಿಡಿ, ಸೋಲೊಗೆ 10ಕ್ಕೆ ತಿರುಗಿಸಿ.

ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. 100 ಡೆಸಿಬೆಲ್ ತಲುಪಿದರೆ ಉಳಿಯುವುದು 15 ನಿಮಿಷ! ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸ್ವರ ಕೆಡಿಸದೆ ಸದ್ದನ್ನಷ್ಟೇ ತಗ್ಗಿಸುತ್ತದೆ. ರಿಹರ್ಸಲ್‌ಗೂ ಹಾಕಿಕೊಳ್ಳಿ.

ಸೌಂಡ್‌ಚೆಕ್ ಹೊತ್ತಿಗೆ ಗಿಟಾರನ್ನು ಗೆಳೆಯರ ಕೈಗೆ ಕೊಟ್ಟು ಹಾಲ್‌ನ ನಡುವೆ ಹೋಗಿ ನಿಲ್ಲಿ. ಹಾಡಿನ ಪದಗಳು ಬಿಡಿಬಿಡಿಯಾಗಿ ಕೇಳದಿದ್ದರೆ ಗಾಯಕರ ಮೈಕ್ ಏರಿಸಲು ಹೇಳುವ ಮುನ್ನ ನಿಮ್ಮ ಆಂಪ್ ತಗ್ಗಿಸಿ.