ಆಟಗಾರನ ನಾಲಗೆಗೆ ಕಟ್ಟಳೆ ಬೇಕೆ?

ಕ್ರೀಡೆಯನ್ನು ಜೀವನೋಪಾಯವಾಗಿ ಕೈಕೊಂಡವರು ಪಂದ್ಯ ಮುಗಿದೊಡನೆ ಪತ್ರಕರ್ತರ ಮುಂದೆ ಕುಳಿತು, ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಡಲೇಬೇಕೆಂದು ಕಟ್ಟಳೆ ಮಾಡುವುದು ಯುಕ್ತವೇ ಎಂಬ ಚರ್ಚೆಯು ಕೆಲವು ವರ್ಷಗಳಿಂದ ಜಗತ್ತಿನ ಹಲವೆಡೆಗಳಲ್ಲಿ ನಡೆದಿದೆ. ಇದು ಪರದೇಶದ ಶ್ರೀಮಂತ ಆಟಗಾರರ ಮಾತು, ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರಿಗೆ ಇದರಿಂದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಈ ಸೀಮೆಯಿಂದಲೇ ಎದ್ದು ಲೋಕದ ಕಣ್ಣಿಗೆ ಬಿದ್ದ ಕ್ರೀಡಾಪಟುಗಳ ಅನುಭವವನ್ನು ನೆನೆದರೆ, ಪ್ರಶ್ನೆಯು ನಮ್ಮ ಮನೆಯಂಗಳದ್ದೇ ಎಂದು ತಿಳಿಯುತ್ತದೆ. ಅಲ್ಲದೆ ಈ ವ್ಯಾಜ್ಯದಲ್ಲಿ ವೃತ್ತಪತ್ರಿಕೆಗಳೇ ಒಂದು ಪಕ್ಷವಾಗಿವೆ. ಆಟಗಾರನ ಮಾತು ನಮಗೆ ಸುದ್ದಿ. ಸುದ್ದಿಯೇ ನಮ್ಮ ಅನ್ನ. ಆದುದರಿಂದ ನಮ್ಮ ಲಾಭವನ್ನು ಬದಿಗಿಟ್ಟು ನ್ಯಾಯವಾವುದೆಂದು ವಿಚಾರಿಸುವ ಹೊಣೆಯು ನಮಗೆ ಇತರರಿಗಿಂತ ಹೆಚ್ಚು.

ಚರ್ಚೆಯನ್ನು ಲೋಕಪ್ರಸಿದ್ಧವಾಗಿ ಮಾಡಿದವಳು ಜಪಾನಿನ ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ. ೨೦೨೧ನೆಯ ಮೇ ತಿಂಗಳಲ್ಲಿ, ಫ್ರೆಂಚ್ ಪಂದ್ಯಾವಳಿಯು ಆರಂಭವಾಗುವ ಮುನ್ನವೇ, ತಾನು ಪತ್ರಿಕಾಗೋಷ್ಠಿಗಳಿಗೆ ಬರುವುದಿಲ್ಲವೆಂದು ಆಕೆ ಪ್ರಕಟಿಸಿದಳು. ಅಂಥ ಗೋಷ್ಠಿಗಳು ಆಟಗಾರರ ಮನಸ್ಸಿನ ಸ್ವಾಸ್ಥ್ಯವನ್ನು ಲೆಕ್ಕಕ್ಕಿಡುವುದಿಲ್ಲವೆಂಬುದು ಆಕೆಯ ಆಕ್ಷೇಪವಾಗಿತ್ತು. ಮೊದಲನೆಯ ಪಂದ್ಯದಲ್ಲಿ ಗೆದ್ದು ಗೋಷ್ಠಿಗೆ ಬಾರದೆ ಇದ್ದುದಕ್ಕೆ ೧೫,೦೦೦ ಡಾಲರು ದಂಡ ಬಿದ್ದಿತು. ನಾಲ್ಕು ಮಹಾ ಪಂದ್ಯಾವಳಿಗಳ ಅಧಿಕಾರಿಗಳು ಕೂಡಿ, ಹೀಗೆಯೇ ನಡೆದರೆ ಪಂದ್ಯಾವಳಿಯಿಂದಲೇ ತೆಗೆದುಹಾಕುವ ಪ್ರಸಂಗ ಬಂದೀತೆಂದು ಎಚ್ಚರಿಕೆ ಕೊಟ್ಟರು. ಮರುದಿನವೇ ಆಕೆ ಪಂದ್ಯಾವಳಿಯನ್ನು ಬಿಟ್ಟು ಹೊರಟಳು. ೨೦೧೮ರಿಂದ ತನ್ನನ್ನು ಖಿನ್ನತೆಯು ಕಾಡುತ್ತಿದೆಯೆಂದು ಆಗ ತಿಳಿಸಿದಳು. ಜಗತ್ತಿನ ಎರಡನೆಯ ಶ್ರೇಯಾಂಕದ ಆಟಗಾರ್ತಿಯು ಆಟದಲ್ಲಿ ಸೋಲದೆ, ಮಾತಿನ ಕಟ್ಟಳೆಗೆ ಸಿಕ್ಕಿ ಅಂಗಣ ಬಿಟ್ಟಂತಾಯಿತು. ಅಮೇರಿಕದ ಫುಟ್‌ಬಾಲಿನಲ್ಲಿ ಮಾರ್ಶಾನ್ ಲಿಂಚ್ ಎಂಬಾತನು, ೨೦೧೫ರ ಅಂತಿಮ ಪಂದ್ಯಕ್ಕೆ ಮುಂಚೆ ಕರೆದ ಗೋಷ್ಠಿಯಲ್ಲಿ, ದಂಡ ಬೀಳದಿರಲೆಂದಷ್ಟೇ ಬಂದಿದ್ದೇನೆಂಬ ಒಂದೇ ಉತ್ತರವನ್ನು ಪ್ರಶ್ನೆ ಪ್ರಶ್ನೆಗೂ ಹೇಳಿ ಎದ್ದುಹೋದನು. ಬಲಾತ್ಕಾರದಿಂದ ತೆಗೆದ ಮಾತಿನ ಬೆಲೆ ಎಷ್ಟೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದರೂ ಕಟ್ಟಳೆಯ ಪಕ್ಷದವರ ವಾದವನ್ನು ಹಗುರವಾಗಿ ಎಣಿಸಲಾಗದು. ವೃತ್ತಿಯ ಆಟಗಾರನಿಗೆ ದೊರೆಯುವ ದ್ರವ್ಯವೆಲ್ಲ ಪ್ರೇಕ್ಷಕರಿಂದ ಬಂದುದು. ಪ್ರೇಕ್ಷಕರನ್ನು ಕೂಡಿಸಿದವರಲ್ಲಿ ಪತ್ರಿಕೆಗಳೂ ಸೇರಿವೆ. ಹಣ ಕೊಟ್ಟು ನೋಡಿದವನು, ಏಕೆ ಸೋತಿರಿ, ಹೇಗೆ ಗೆದ್ದಿರಿ ಎಂದು ಕೇಳಬಾರದೆ? ಗೆದ್ದಾಗ ಮಾತನಾಡಿ, ಸೋತಾಗ ಅಡಗುವುದು ಶೂರರ ಲಕ್ಷಣವೆ? ಇಂದು ಆಟಗಾರರು ತಮ್ಮದೇ ಸಾಮಾಜಿಕ ಜಾಲಗಳಲ್ಲಿ ತಮಗೆ ಬೇಕಾದುದನ್ನಷ್ಟೇ ಹೇಳುತ್ತಾರೆ. ಎದುರಿಗೆ ನಿಂತು ಪ್ರಶ್ನಿಸುವವನೊಬ್ಬನು ಇರದಿದ್ದರೆ ಪ್ರಚಾರವು ಉಳಿದು ಸತ್ಯವು ಅಳಿಯುವ ಭಯವುಂಟು. ಈ ವಾದದಲ್ಲಿ ತಥ್ಯವಿದೆ. ಕೇಳುವ ಹಕ್ಕು ಬೇಕೆಂಬುದು ಸರಿ. ಆದರೆ ಯಾರನ್ನು ಕೇಳಬೇಕು? ಇದನ್ನೇ ನಾವು ಮರೆತಿದ್ದೇವೆ.

ಕುಂದಾಪುರ ತಾಲೂಕಿನ ಸಿದ್ದಾಪುರದ ಕಡೆಯ ಕೃಷಿಕ ಮನೆತನದ ಅಶ್ವಿನಿ ಅಕ್ಕುಂಜಿಯವರ ವೃತ್ತಾಂತವನ್ನು ನಮ್ಮ ವಾಚಕರು ಮರೆತಿರಲಾರರು. ೨೦೧೦ನೆಯ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಾಲ್ಕು ನೂರು ಮೀಟರಿನ ನಾಲ್ವರ ಸರದಿ ಓಟದಲ್ಲಿ ಅವರಿದ್ದ ತಂಡಕ್ಕೆ ಬಂಗಾರ. ನವೆಂಬರಿನಲ್ಲಿ ಚೀಣದ ಗ್ವಾಂಗ್‌ಝೌ ನಗರದ ಏಷ್ಯಾ ಕ್ರೀಡಾಕೂಟದಲ್ಲಿ ಹರ್ಡಲ್ ಓಟಕ್ಕೊಂದು, ಸರದಿ ಓಟಕ್ಕೊಂದು, ಹೀಗೆ ಮತ್ತೆ ಎರಡು ಬಂಗಾರ. ನಾಡೆಲ್ಲ ಹೆಮ್ಮೆಪಟ್ಟಿತು. ಎಂಟು ತಿಂಗಳು ಕಳೆಯಲಿಲ್ಲ; ೨೦೧೧ರ ಜುಲೈ ತಿಂಗಳಲ್ಲಿ ಶಿಬಿರದ ಹಲವು ಓಟಗಾರ್ತಿಯರೊಡನೆ ಅವರೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆಂಬ ಸುದ್ದಿ ಹಬ್ಬಿತು. ಕೊರಳಿಗೆ ಹಾರ ಹಾಕಿದ ಚಿತ್ರವನ್ನು ಮುದ್ರಿಸಿದ ಪತ್ರಿಕೆಗಳೇ ಆಪಾದಿತೆಯೆಂದು ಹೆಸರು ಮುದ್ರಿಸಿದವು.

ತರಬೇತುದಾರನು ಕೊಟ್ಟ ಜಿನ್ಸೆಂಗ್ ಗುಳಿಗೆಗಳನ್ನು ನಂಬಿ ತೆಗೆದುಕೊಂಡೆವೆಂದು ಓಟಗಾರ್ತಿಯರು ಹೇಳಿದರು. ಉಕ್ರೇನಿನವನಾದ ಆ ತರಬೇತುದಾರ ಯೂರಿ ಒಗೊರೊದ್ನಿಕನನ್ನು ಸರಕಾರವು ಜುಲೈ ತಿಂಗಳಲ್ಲಿ ಕೆಲಸದಿಂದ ತೆಗೆಯಿತು. ದೇಶದ ಶಿಸ್ತುಸಮಿತಿಯು ಡಿಸೆಂಬರಿನಲ್ಲಿ, ಅವರ ತಪ್ಪು ಗುರುತರವಾದುದಲ್ಲವೆಂದು ಬಗೆದು ಒಂದು ವರ್ಷದ ನಿಷೇಧ ವಿಧಿಸಿತು. ೨೦೧೨ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಯು ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹಕ್ಕೆ ಸೇರುವ ವಸ್ತುವಿಗೆ ಕ್ರೀಡಾಪಟುವೇ ಹೊಣೆಯೆಂಬುದು ಆ ಶಾಸನದ ಮೂಲತತ್ವ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶಿಬಿರವನ್ನು ನಡೆಯಿಸಿದವರಾರು? ಪರದೇಶದ ತರಬೇತುದಾರನನ್ನು ಗೊತ್ತು ಮಾಡಿದವರಾರು? ಶಿಬಿರಕ್ಕೆ ಬೇಕಾದ ಪೂರಕ ಆಹಾರವನ್ನು ಹೊರಗಿನ ಅಂಗಡಿಯಿಂದ ತರುವಂತಾದುದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ಸಂಬಳ ಪಡೆವ ಅಧಿಕಾರಿಗಳು ಮತ್ತು ಸಂಘಗಳ ಪದಾಧಿಕಾರಿಗಳು. ಅವರನ್ನು ದಿನವೂ ಮೈಕಿನ ಮುಂದೆ ನಿಲ್ಲಿಸಬೇಕೆಂಬ ಕಟ್ಟಳೆಯನ್ನು ಯಾರೂ ಮಾಡಲಿಲ್ಲ. ಸಾರ್ವಜನಿಕರ ಹಣವನ್ನು ವೆಚ್ಚ ಮಾಡುವವನಿಗೆ ಮೌನದ ಸೌಕರ್ಯ, ಬೆವರು ಸುರಿಸುವವಳಿಗೆ ಪ್ರಶ್ನೆಗಳ ಸುರಿಮಳೆ. ಇದು ಯಾವ ನ್ಯಾಯ?

ಇನ್ನೊಂದು ಸಂಗತಿಯನ್ನು ನೋಡೋಣ. ತಗ್ಗರ್ಸೆ, ವಂಡಾರುಗಳ ಗದ್ದೆಗಳಲ್ಲಿ ಕೋಣಗಳ ಓಟವನ್ನು ಕಂಡವರಿಗೆ ಕಂಬಳದ ಪರಿಚಯ ಹೇಳಬೇಕಾಗಿಲ್ಲ. ೨೦೨೦ನೆಯ ಫೆಬ್ರವರಿಯಲ್ಲಿ ತೆಂಕಣ ದಿಕ್ಕಿನ ಐಕಳದ ಕಂಬಳದಲ್ಲಿ ಮಿಯಾರಿನ ಶ್ರೀನಿವಾಸ ಗೌಡರು ಕೋಣಗಳೊಡನೆ ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರು. ಯಾರೋ ತ್ರೈರಾಶಿಕ ಹಾಕಿ, ನೂರು ಮೀಟರಿಗೆ ೯.೫೫ ಸೆಕೆಂಡೆಂದು ಲೆಕ್ಕ ತೆಗೆದು, ಉಸೇನ್ ಬೋಲ್ಟನ ೯.೫೮ರ ದಾಖಲೆಯನ್ನು ಮುರಿದಂತಾಯಿತೆಂದು ಸಾರಿದರು. ಕೆಸರುಗದ್ದೆಯಲ್ಲಿ ಕೋಣಗಳ ಹಗ್ಗ ಹಿಡಿದು ಓಡುವುದಕ್ಕೂ ಟ್ರ್ಯಾಕಿನಲ್ಲಿ ಒಬ್ಬನೇ ಓಡುವುದಕ್ಕೂ ಇರುವ ಅಂತರವನ್ನು ಕೇಳುವ ವ್ಯವಧಾನವು ಯಾರಿಗೂ ಇರಲಿಲ್ಲ. ದೇಶವಿದೇಶಗಳ ಪತ್ರಿಕೆಗಳು ಮುಗಿಬಿದ್ದವು. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷಾ ಓಟಕ್ಕೆ ಕರೆದರು. ಮುಖ್ಯಮಂತ್ರಿಗಳು ಬೆಂಗಳೂರಿಗೆ ಬರಮಾಡಿ ಸನ್ಮಾನಿಸಿದರು. ಆದರೆ ಗೌಡರು ವಿನಯದಿಂದ, ತಮ್ಮ ಆಟವು ಕಂಬಳ, ಟ್ರ್ಯಾಕಿನ ಓಟವು ಬೇರೆ ಎಂದು ಹೇಳಿ ಪರೀಕ್ಷೆಯಿಂದ ಹಿಂದೆಗೆದರು. ಇಷ್ಟೆಲ್ಲ ಗದ್ದಲದಲ್ಲಿ ವಿವೇಕದ ಮಾತೆಂದರೆ ಆ ಒಲ್ಲೆನೆಂಬ ಮಾತೊಂದೇ. ಒಲ್ಲೆನೆನ್ನುವ ಅಧಿಕಾರವು ಅವರಿಗೆ ಇದ್ದುದರಿಂದ ಅವರ ಮರ್ಯಾದೆ ಉಳಿಯಿತು.

ಇದರ ಮಗ್ಗುಲಲ್ಲಿಯೇ ವಿಚಾರಿಸಬೇಕಾದ ಇನ್ನೊಂದು ಮುಖವಿದೆ. ಕೊಲ್ಲೂರಿಗೆ ಹೋಗುವ ದಾರಿಯಲ್ಲಿರುವ ವಂಡ್ಸೆಯ ಗುರುರಾಜ ಪೂಜಾರಿಯವರು ೨೦೧೮ನೆಯ ಏಪ್ರಿಲಿನಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್ ಕ್ರೀಡಾಕೂಟದಲ್ಲಿ, ೫೬ ಕಿಲೋ ವರ್ಗದಲ್ಲಿ ಒಟ್ಟು ೨೪೯ ಕಿಲೋ ಭಾರವನ್ನೆತ್ತಿ ಬೆಳ್ಳಿ ಗಳಿಸಿದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲನೆಯ ಪದಕವದು. ೨೦೨೨ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ೬೧ ಕಿಲೋ ವರ್ಗದಲ್ಲಿ ೨೬೯ ಕಿಲೋ ಎತ್ತಿ ಕಂಚು ಪಡೆದರು. ವಾಹನ ಚಾಲಕರೊಬ್ಬರ ಮಗನು ಉಜಿರೆಯ ಕಾಲೇಜಿನಲ್ಲಿ ಭಾರವೆತ್ತಲು ಕಲಿತು, ವಾಯುಸೇನೆಗೆ ಸೇರಿ, ಇಷ್ಟು ದೂರ ನಡೆದುದು ಈ ಸೀಮೆಯ ಭಾಗ್ಯವೆನ್ನಬೇಕು. ಆದರೆ ಸೇನೆಯಲ್ಲಿರುವ ಕ್ರೀಡಾಪಟುವಿನ ಮಾತಿಗೆ ಮೇರೆಯುಂಟು. ೧೯೫೦ರ ವಾಯುಸೇನಾ ಕಾನೂನಿನ ೨೧ನೆಯ ಕಲಮು, ಸೇನೆಯವರು ಪತ್ರಿಕೆಗಳೊಡನೆ ವ್ಯವಹರಿಸುವುದನ್ನು ನಿರ್ಬಂಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದೆ. ನಾಗರಿಕ ಸೇವೆಯಲ್ಲಿರುವವರಿಗೂ ೧೯೬೪ರ ನಡತೆಯ ನಿಯಮಗಳುಂಟು. ಸೇನೆಯ ರಹಸ್ಯಕ್ಕೆ ಇಂಥ ಕಾವಲು ಅವಶ್ಯವೇ. ಆದರೆ ನಮ್ಮ ದೇಶದ ಪದಕವಿಜೇತರಲ್ಲಿ ಬಹುಮಂದಿ ಸೇನೆ, ರೈಲ್ವೆ, ಪೋಲೀಸು ಇಲಾಖೆಗಳ ನೌಕರರಾಗಿರುವಾಗ, ಶಿಬಿರದ ಊಟ ಸರಿಯಿಲ್ಲ, ಆಯ್ಕೆಯಲ್ಲಿ ಅನ್ಯಾಯವಾಯಿತು ಎಂದು ಹೇಳುವುದಕ್ಕೂ ಅವರು ಅಳುಕುವಂತಾದರೆ ಗತಿಯೇನು? ಹೀಗೆ, ಒಂದು ಕಡೆಯಲ್ಲಿ ಆಡಲೊಲ್ಲದವಳಿಗೆ ದಂಡ; ಇನ್ನೊಂದು ಕಡೆಯಲ್ಲಿ ಆಡಬೇಕಾದವನ ಬಾಯಿಗೆ ಬೀಗ. ಎರಡರಲ್ಲಿಯೂ ನಾಲಗೆಯ ಒಡೆತನವು ಇತರರ ಕೈಯಲ್ಲಿದೆ.

೨೦೨೩ನೆಯ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ಮೊದಲಾದ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತು, ತಮ್ಮ ಸಂಘದ ಅಧ್ಯಕ್ಷರ ವಿರುದ್ಧ ದೂರನ್ನು ಪತ್ರಕರ್ತರ ಮುಂದೆ ಹೇಳಿದುದು ಸ್ಮರಣೀಯ. ಅವರನ್ನು ಯಾರೂ ಮಾತನಾಡಿರೆಂದು ಬಲಾತ್ಕರಿಸಿರಲಿಲ್ಲ. ೨೦೦೮ರ ಜನವರಿಯಲ್ಲಿ ಸಿಡ್ನಿಯ ಕ್ರಿಕೆಟ್ ಪಂದ್ಯದಲ್ಲಿ ಸೋತ ಸಂಜೆ ನಮ್ಮ ಅನಿಲ್ ಕುಂಬ್ಳೆಯವರು, ಎರಡು ತಂಡಗಳಲ್ಲಿ ಒಂದು ಮಾತ್ರ ಆಟದ ಧರ್ಮವನ್ನು ಪಾಲಿಸಿತೆಂದು ಹೇಳಿದ ಒಂದೇ ವಾಕ್ಯವು ಲೋಕದಲ್ಲೆಲ್ಲ ಮೊಳಗಿತು. ಗೋಷ್ಠಿಗೆ ಬರುವುದು ನಾಯಕನ ಪದ್ಧತಿಯಾಗಿದ್ದರೂ, ಆ ವಾಕ್ಯವನ್ನು ಯಾವ ಕಟ್ಟಳೆಯೂ ಅವರ ಬಾಯಿಯಿಂದ ಹೊರಡಿಸಿದುದಲ್ಲ. ಅದು ಅವರ ಅಂತಃಕರಣದ ಮಾತು. ಅದರಿಂದಲೇ ಅದಕ್ಕೆ ಅಷ್ಟು ತೂಕ.

ನಮ್ಮ ರಾಜ್ಯಾಂಗವು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟಿದೆ. ಆ ಸ್ವಾತಂತ್ರ್ಯದೊಳಗೆ ಮೌನವೂ ಸೇರಿದೆಯೆಂಬುದಕ್ಕೆ ೧೯೮೬ರ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ಆಧಾರವಾಗಿದೆ. ಕೇರಳದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ, ತಮ್ಮ ಧರ್ಮದ ನಂಬಿಕೆಯಿಂದ ಹಾಡದೆ ಇದ್ದರು. ಅವರನ್ನು ಶಾಲೆಯಿಂದ ಹೊರಹಾಕಿದುದು ತಪ್ಪೆಂದು ನ್ಯಾಯಾಲಯವು ನಿರ್ಣಯಿಸಿತು. ದೇಶಭಕ್ತರಾದ ನಾವು ರಾಷ್ಟ್ರಗೀತೆಯನ್ನು ಎದೆತುಂಬಿ ಹಾಡುವವರೇ. ಆದರೂ ಅಂಥ ಪವಿತ್ರವಾದ ಗೀತೆಗೇ ಇಲ್ಲದ ಬಲಾತ್ಕಾರವು ಸುದ್ದಿಗಾರನ ಮೈಕಿಗೆ ಇರಬೇಕೆನ್ನುವುದು ಎಷ್ಟರ ಮಟ್ಟಿಗೆ ಶೋಭಿಸೀತು? ಖಾಸಗಿ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡ ಆಟಗಾರನ ಸಂಗತಿ ಬೇರೆ, ಅವನು ತಾನಾಗಿ ಒಪ್ಪಿದ್ದಾನೆ ಎನ್ನಬಹುದು. ನಿಜ, ಕೋಟಿಗಟ್ಟಲೆ ಹಣ ಪಡೆಯುವವನು ಒಪ್ಪಿದ ಮಾತನ್ನು ನಡೆಸಲಿ. ಆದರೆ ಒಪ್ಪಂದದಲ್ಲಿಯೂ ಕಾಯಿಲೆಗೆ, ಶೋಕಕ್ಕೆ, ಮನಸ್ಸಿನ ನೋವಿಗೆ ಎಡೆಯಿರಬೇಕು.

ನಮ್ಮವರ ಪದ್ಧತಿಯಲ್ಲಿಯೇ ಇದಕ್ಕೊಂದು ಪಾಠವಿದೆ. ರಾತ್ರಿಯೆಲ್ಲ ಕುಣಿದು, ಬೆಳಗಾಗುವಾಗ ಚೌಕಿಗೆ ಬಂದು ಕಿರೀಟ ಇಳಿಸುವ ಯಕ್ಷಗಾನದ ವೇಷಧಾರಿಯನ್ನು, ಮುಖದ ಬಣ್ಣ ತೆಗೆಯುವ ಮೊದಲೇ ತಡೆದು, ಆ ಪದಕ್ಕೆ ಹೆಜ್ಜೆ ಏಕೆ ತಪ್ಪಿತೆಂದು ಯಾವ ರಸಿಕನೂ ಕೇಳುವುದಿಲ್ಲ. ಕೇಳುವವನು ಕಾಯುತ್ತಾನೆ, ಕಾದವನಿಗೆ ಒಳ್ಳೆಯ ಉತ್ತರ ದೊರೆಯುತ್ತದೆ. ಮೇಲಾಗಿ, ಕುಂದಾಪುರದ ಕನ್ನಡವನ್ನಾಡಿ ಬೆಳೆದ ಹುಡುಗನೊಬ್ಬನು ಸೋಲಿನ ಗಳಿಗೆಯಲ್ಲಿ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ತಡವರಿಸಿದರೆ, ಆ ತಡವರಿಕೆಯನ್ನೇ ಅಪರಾಧದ ಸಾಕ್ಷಿಯೆಂದು ಬಗೆಯುವವರಿದ್ದಾರೆ. ತಾಯ್ನುಡಿಯಲ್ಲಿ ಉತ್ತರಿಸುವ ಅವಕಾಶವನ್ನು ಕೊಡದೆ ಉತ್ತರವನ್ನು ಮಾತ್ರ ಬೇಡುವುದು ಅನ್ಯಾಯ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಮಾತನಾಡದ ಕಾರಣಕ್ಕಾಗಿ ಯಾವ ಕ್ರೀಡಾಪಟುವನ್ನೂ ಪಂದ್ಯದಿಂದ ಹೊರಗಿಡಕೂಡದು. ಮಾತನಾಡಿದ ಕಾರಣಕ್ಕಾಗಿ ಯಾರ ಆಯ್ಕೆಯನ್ನೂ ನೌಕರಿಯನ್ನೂ ಕೆಡಿಸಕೂಡದು. ಶಿಬಿರದ ಕುಂದುಕೊರತೆಗಳನ್ನು ಹೇಳಲು ನೌಕರ ಕ್ರೀಡಾಪಟುಗಳಿಗೆ ನಿಯಮದಲ್ಲಿಯೇ ಅನುಮತಿಯಿರಬೇಕು. ಅವರು ಮಾತನಾಡಲು ಬಂದಾಗ ತಮ್ಮ ನುಡಿಯಲ್ಲಿ ಮಾತನಾಡುವ ಏರ್ಪಾಡಿರಬೇಕು. ಕಡ್ಡಾಯವೆಂಬುದು ಬೇಕೇ ಆದರೆ ಅದನ್ನು ಕ್ರೀಡಾಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಆಯ್ಕೆಗಾರರು, ಶಿಬಿರಗಳ ಅಧಿಕಾರಿಗಳ ಮೇಲೆ ಹೊರಿಸಬೇಕು. ಸರಕಾರದ ಹಣ ಮುಟ್ಟುವ ಪ್ರತಿಯೊಂದು ಸಂಘವೂ ಕೂಟವೊಂದು ಮುಗಿದ ಮೇಲೆ ಪತ್ರಕರ್ತರ ಮುಂದೆ ಬಂದು ಲೆಕ್ಕ ಒಪ್ಪಿಸುವಂತಾಗಬೇಕು.

ಪತ್ರಿಕೆಗಳಾದ ನಾವೂ ನಮ್ಮ ಪಾಲಿನ ವ್ರತವನ್ನು ತೊಡಬೇಕು. ಇಂದು ಕುಂದಾಪುರದ ಬಯಲಿನಲ್ಲಿಯೋ ಬ್ರಹ್ಮಾವರದ ಶಾಲೆಯಂಗಳದಲ್ಲಿಯೋ ಬೈಂದೂರಿನ ಮರಳಿನಲ್ಲಿಯೋ ಬರಿಗಾಲಿನಲ್ಲಿ ಓಡುತ್ತಿರುವ ಮಗುವೊಂದು ನಾಳೆ ದೇಶದ ಬಾವುಟವನ್ನು ಹೊರುವುದು. ಆ ಮಗು ಗೆದ್ದು ಬಂದಾಗ ಹಾರ ಹಿಡಿದು ನಿಲ್ಲುವ ನಾವು, ಸೋತು ಬಂದಾಗ ದಾರಿ ಬಿಟ್ಟು ನಿಲ್ಲುವುದನ್ನೂ ಕಲಿಯೋಣ. ಅದು ತಾನಾಗಿ ಬಂದು ಹೇಳುವ ಮಾತು ಒಂದೇ ಆದರೂ ಅದನ್ನು ಇದ್ದುದು ಇದ್ದಂತೆ ಮುದ್ರಿಸೋಣ.