ಪಟ್ಟಾಪಟ್ಟಿ ಚಡ್ಡಿ ಓಕೆ, ಶಾರ್ಟ್ಸ್ ಯಾಕಲ್ಲ?

ರಾಮನಗರದ ರೇಷ್ಮೆಗೂಡು ಮಾರ್ಕೆಟ್ಟು, ಬೆಳಗಿನ ಹೊತ್ತು. ಗೂಡು ಸುರಿಯೋ ಯಜಮಾನರ ಪಂಚೆ ಮಂಡಿಯಿಂದ ಮೇಲಕ್ಕೆ ಕಟ್ಟಿದೆ, ಪಟ್ಟಾಪಟ್ಟಿ ಚಡ್ಡಿ ಇಣುಕ್ತಿದೆ. ಯಾರೂ ತಿರುಗಿ ನೋಡಲ್ಲ.

ಭಾನುವಾರ ರಾಮದೇವರ ಬೆಟ್ಟಕ್ಕೆ ಶಾರ್ಟ್ಸ್ ಹಾಕ್ಕೊಂಡು ಒಬ್ಬ ಹುಡುಗಿ ಬಂದ್ಲು ಅನ್ನಿ, ಟೀ ಅಂಗಡಿ ಮುಂದೆ ಮಾತೇ ನಿಂತೋಗುತ್ತೆ. ಮಂಡಿ ಮಂಡಿನೇ ಅಲ್ವೇನ್ರೀ?

2020ರ ಸೆಪ್ಟೆಂಬರ್. ಬೆಂಗಳೂರಿನ ಅಗರ ಕೆರೆ ಪಾರ್ಕು. ನಟಿ ಸಂಯುಕ್ತಾ ಹೆಗ್ಡೆ ಸ್ಪೋರ್ಟ್ಸ್ ಬ್ರಾ ತೊಟ್ಟು ವ್ಯಾಯಾಮ ಮಾಡ್ತಿದ್ರು. ಬಟ್ಟೆ ಸರಿಯಿಲ್ಲ ಅಂತ ಜಗಳ ಶುರುವಾಯ್ತು, ಜನ ಸೇರಿದ್ರು, ವಿಡಿಯೊ ಹರಿದಾಡ್ತು. ಕೊನೆಗೆ ಕ್ಷಮೆ ಕೇಳಿದ್ದು ಯಾರು ಗೊತ್ತಾ? ಆಕ್ಷೇಪ ಎತ್ತಿದವರೇ. ಇಪ್ಪತ್ತು ವರ್ಷದ ಹಿಂದೆ ಇದು ಉಲ್ಟಾ ಆಗಿರೋದು, ನನ್ನ ಪ್ರಕಾರ.

ಇನ್ನೊಂದು ವಿಚಿತ್ರ ಕೇಳಿ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನ ಒಳಗೆ ಬಿಡಲಿಲ್ಲ. ತಪ್ಪೇನು? ಪಂಚೆ ಉಟ್ಟಿದ್ದು. ಮೈ ಪೂರ್ತಿ ಮುಚ್ಚಿದ್ರೂ ಸಾಲಲಿಲ್ಲ! ಸರ್ಕಾರ ಮಾಲನ್ನೇ 7 ದಿನ ಮುಚ್ಚಿಸ್ತು.

ಅಂದಹಾಗೆ, ನೈಟಿ ಬೀದಿಗಿಳಿದಾಗ್ಲೂ ಊರು ಮೂಗು ಮುರಿದಿತ್ತು. ಈಗ ಚನ್ನಪಟ್ಟಣದ ಕಡೆ ಅತ್ತೆಮ್ಮನೇ ನೈಟಿ ಮೇಲೊಂದು ಟವೆಲ್ ಹೊದ್ದು ಡೈರಿಗೆ ಹಾಲು ಹಾಕಿ ಬರ್ತಾರೆ.